ಗೋಡೆ ಸವರುವ ಹೆಂಗಸು

"ಈ ಮಹಾತಾಯಿ ಗೋಡೆ ಸವರೋಕೆ ಶುರುಮಾಡಿ ಎಷ್ಟು ಹೊತ್ತಾಯ್ತೇ?" ಅತ್ತೆ ಕೇಳಿದರು. "ಬಣ್ಣ ಹೊಡೆದವನು ಸರಿಯಾಗಿ ಹೊಡೆದಿದ್ದಾನೋ ಇಲ್ವೋ ಅಂತ ನೋಡ್ತಿದ್ದಾಳಾ?"

ಸೊಸೆಗೆ ನಗು ತಡೆಯಲಾಗಲಿಲ್ಲ. ಟೀವಿ ಪರದೆಯ ಮೇಲೆ ಮುತ್ತಿನ ಸರ ಹಾಕಿಕೊಂಡ ಹೆಂಗಸೊಬ್ಬಳು ಉದ್ದನೆಯ ಗೋಡೆಯೊಂದರ ಮೇಲೆ ಬೆರಳಾಡಿಸುತ್ತ ನಡೆಯುತ್ತಲೇ ಇದ್ದಳು. ಹಿನ್ನೆಲೆಯಲ್ಲಿ ಸಂಗೀತವೂ ಇರಲಿಲ್ಲ. ಅವಳ ಚಪ್ಪಲಿಯ ಸದ್ದು ಬಿಟ್ಟರೆ ಎಲ್ಲೋ ಒಂದು ನಾಯಿ ಬೊಗಳುತ್ತಿತ್ತು, ಅಷ್ಟೇ.

"ಆ ನಾಯಿಗೆ ಮಾತ್ರ ಏನೋ ಹೇಳೋದಿದೆ," ಅಂದರು ಅತ್ತೆ.

ಮಧ್ಯಾಹ್ನವಾದರೂ ಕಿಟಕಿಗಳಿಗೆ ಪರದೆ ಎಳೆದಿತ್ತು. ಅತ್ತೆಯ ಬಲಗಣ್ಣಿನ ಪೊರೆ ತೆಗೆಸಿ ಇನ್ನೂ ವಾರ ತುಂಬಿರಲಿಲ್ಲ, ಬೆಳಕು ಚುಚ್ಚುತ್ತಿತ್ತು. ಬಗ್ಗಬಾರದು, ಒಲೆಯ ಮುಂದೆ ನಿಲ್ಲಬಾರದು, ಸೂಜಿ ಹಿಡಿಯಬಾರದು ಎಂದೆಲ್ಲ ಹೇಳಿದ್ದ ಡಾಕ್ಟರು ಟೀವಿಯ ವಿಷಯ ಹೇಳುವುದನ್ನು ಮರೆತಿದ್ದರು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಸೊಸೆ, ಹೊತ್ತುಹೊತ್ತಿಗೆ ಕಣ್ಣಿಗೆ ಹನಿ ಹಾಕಬೇಕೆಂದು ರಜೆ ಹಾಕಿ ಮನೆಯಲ್ಲಿದ್ದಳು. ಧಾರಾವಾಹಿಗಳನ್ನೆಲ್ಲ ನೋಡಿ ಬೇಸರ ಬಂದ ದಿನ ಅತ್ತೆಯೇ ಮಗನ ಕೋಣೆಯ ಕಡೆ ಕೈ ತೋರಿಸಿದ್ದರು. "ನಿನ್ನ ಗಂಡ ಬಾಗಿಲು ಹಾಕ್ಕೊಂಡು ಅಷ್ಟು ವರ್ಷ ಅದೇನು ನೋಡ್ತಿದ್ದ, ನಾವೂ ನೋಡೋಣ. ನಮ್ಮಿಬ್ಬರಿಗಿಂತ ಅದರಲ್ಲಿ ಏನು ಹೆಚ್ಚಿತ್ತು ಅಂತ ಗೊತ್ತಾಗಲಿ."

ಸಿಟ್ಟಿದ್ದಾಗ ಅವರಿಗೆ ಅವನು 'ನಿನ್ನ ಗಂಡ'. ಪ್ರೀತಿ ಬಂದಾಗ 'ನನ್ನ ಮಗ'.

ಕೋಣೆಯ ಕಪಾಟಿನ ತುಂಬ ಸಿನಿಮಾ ಡಿಸ್ಕುಗಳಿದ್ದವು. ಎಲ್ಲ ಯುರೋಪಿನವು, ಎಲ್ಲ ಅರವತ್ತರ ದಶಕದವು, ಹೆಚ್ಚಿನವು ಕಪ್ಪು-ಬಿಳುಪು. ಮಾತು ಯಾವ ಭಾಷೆಯದೋ, ಕೆಳಗೆ ಇಂಗ್ಲಿಷ್ ಅಕ್ಷರ. ಅತ್ತೆಗೆ ಇಂಗ್ಲಿಷ್ ಬಾರದು. ಸೊಸೆ ಓದಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದಳು. ಹೇಳುವಂಥದ್ದೂ ಬಹಳ ಇರುತ್ತಿರಲಿಲ್ಲ.

ಮೊದಲ ದಿನ ನೋಡಿದ ಚಿತ್ರದಲ್ಲಿ ಪಾದ್ರಿಯೊಬ್ಬ ಹುಟ್ಟು ಹಾಕದೆ ದೋಣಿಯಲ್ಲಿ ಕೂತಿದ್ದ. "ದೇವರು ಬಂದು ಹುಟ್ಟು ಹಾಕಲಿ ಅಂತ ಕಾಯ್ತಿದ್ದಾನೆ. ಸೋಮಾರಿ," ಎಂದು ಅತ್ತೆ ತೀರ್ಪು ಕೊಟ್ಟಿದ್ದರು. ಮರುದಿನದ್ದರಲ್ಲಿ ದೊಡ್ಡ ಬಂಗಲೆ, ರಾತ್ರಿಯೆಲ್ಲ ಪಾರ್ಟಿ. ಬಂದವರೆಲ್ಲ ಕಂಬಕ್ಕೊಬ್ಬರಂತೆ ಒರಗಿ ಸಿಗರೇಟು ಸೇದಿದರು. "ಒಬ್ಬರ ಮನೇಲೂ ಒಲೆ ಹಚ್ಚಿದ್ದು ಕಾಣೆ. ಕಸ ಗುಡಿಸೋರು ಕಾಣೆ. ಬೂದಿ ಮಾತ್ರ ಎಲ್ಲಿ ಬೇಕಾದಲ್ಲಿ ಉದುರಿಸ್ತಾರೆ. ಇವರ ದುಃಖಕ್ಕೆ ಔಷಧಿ ನಿನ್ನ ಅಂಗಡೀಲಿ ಇಲ್ಲ ಬಿಡು, ನಮ್ಮ ಫ್ಯಾಕ್ಟರೀಲಿತ್ತು. ಬೆಳಗಿನ ಪಾಳಿಗೆ ಹಾಕಿದ್ರೆ ಸಾಕಿತ್ತು."

ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಅತ್ತೆ ಮೇಲ್ವಿಚಾರಕಿಯಾಗಿದ್ದವರು. ಯಂತ್ರದ ಗದ್ದಲದಲ್ಲಿ ಮಾತು ಕೇಳುವಂತಿರಲಿಲ್ಲ. ಯಾವ ಹುಡುಗಿ ಹರಟುತ್ತಿದ್ದಾಳೆ ಎಂದು ತುಟಿ ನೋಡಿಯೇ ದೂರದಿಂದ ಹಿಡಿಯುತ್ತಿದ್ದರು. ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ ಆ ನೋಟಕ್ಕೆ ಹೆದರಿ ಅಡುಗೆಮನೆಯಲ್ಲಿ ಹಾಡು ಗುನುಗುವುದನ್ನೇ ಬಿಟ್ಟಿದ್ದಳು. ಆಮೇಲೆ ಆ ಕಣ್ಣಿಗೆ ಪೊರೆ ಬಂತು, ಅಷ್ಟರಲ್ಲಿ ಅವಳಿಗೆ ಹಾಡು ಮರೆತಿತ್ತು.

ಗಂಡ ಒಮ್ಮೆ, ಒಂದೇ ಒಂದು ಸಲ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಂಥದೊಂದು ಚಿತ್ರ ತೋರಿಸಿದ್ದ. ಸಂತೆಯಲ್ಲಿ ಕಳೆದುಹೋದ ಮಗುವಿನ ಕಥೆ. ಮುಗಿದ ಮೇಲೆ ಅವಳು ಕೇಳಿದ್ದಳು: "ಹಾಗಾದ್ರೆ ಆ ಮಗು ಕೊನೆಗೂ ಸಿಗಲಿಲ್ವಾ?" ಅವನು ನಿಟ್ಟುಸಿರಿಟ್ಟು, "ಅದು ಪ್ರಶ್ನೆಯೇ ಅಲ್ಲ," ಅಂದಿದ್ದ. ಮತ್ತೆ ಕರೆಯಲಿಲ್ಲ. ಕಾಫಿ ತಂದರೆ ತಿರುಗಿ ನೋಡದೆ ಒಂದು ಕೈ ಎತ್ತುತ್ತಿದ್ದ. ಅಲ್ಲಿಟ್ಟು ಹೋಗು ಎಂದು ಅರ್ಥ. ಅವಳ ಮದುವೆಯ ಬಹುಪಾಲು ಆ ಎತ್ತಿದ ಕೈಯ ಹಿಂಬದಿಯನ್ನು ನೋಡುವುದರಲ್ಲೇ ಕಳೆದಿತ್ತು.

ಚಳಿಗಾಲದಲ್ಲಿ ಅವನು ಹೊರಟುಹೋದ. ಜಗಳವಿಲ್ಲ, ಇನ್ನೊಬ್ಬ ಹೆಂಗಸಿಲ್ಲ. ಬೇರೆ ಊರಿನಲ್ಲಿ ಗೆಳೆಯನ ಮನೆ ಖಾಲಿ ಇದೆ ಎಂದು ಬ್ಯಾಗು ತುಂಬಿಕೊಂಡು, ಕಿಟಕಿಯ ಹೊರಗೆ ನೋಡುತ್ತ ಒಂದು ಮಾತು ಹೇಳಿದ. ಆ ಮಾತಿಗೆ ಅವಳು ಎಷ್ಟೋ ದಿನ ಅತ್ತಿದ್ದಳು. ತನ್ನ ಜೊತೆಗಿದ್ದೂ ಇವರು ಅಷ್ಟು ಒಂಟಿಯಾಗಿದ್ದರೇ ಎಂದು ತನ್ನನ್ನೇ ಬೈದುಕೊಂಡಿದ್ದಳು. ಈಗ ಭಾನುವಾರ ವಾಪಸು ಬರುತ್ತೇನೆಂದು ಫೋನು ಮಾಡಿದ್ದ. ಅತ್ತೆ ಹಾಸಿಗೆಗೆ ಹೊಸ ಹೊದಿಕೆ ತೆಗೆಸಿದ್ದರು. ಸೊಸೆ ಔಷಧಿ ಅಂಗಡಿಯ ಹಿಂದಿನ ಬೀದಿಯಲ್ಲಿ ತನಗೊಂದು ರೂಮು ಗೊತ್ತುಮಾಡಿಕೊಂಡು ಬಂದಿದ್ದಳು. ಅದನ್ನು ಅತ್ತೆಗೆ ಹೇಳಬೇಕು ಎಂದು ದಿನವೂ ಹನಿ ಹಾಕುವಾಗ ಅಂದುಕೊಳ್ಳುವುದು, ಅರಳಿ ನಿಂತ ಆ ಕಣ್ಣು ನೋಡಿ ಬಾಯಿ ಮುಚ್ಚಿಕೊಳ್ಳುವುದು, ಹೀಗೇ ಶುಕ್ರವಾರ ಬಂದಿತ್ತು.

ಗೋಡೆ ಕೊನೆಗೂ ಮುಗಿಯಿತು. ಮುತ್ತಿನ ಸರದವಳು ಮನೆಯೊಳಗೆ ಬಂದಳು. ಅವಳ ಗಂಡ ಪೆಟ್ಟಿಗೆ ಕೈಯಲ್ಲಿ ಹಿಡಿದು ಕಿಟಕಿಯ ಬಳಿ ನಿಂತಿದ್ದ.

"ಕಿಟಕಿ ಇಲ್ಲದ ಮನೇಲಿ ಇವರೆಲ್ಲ ಏನು ಮಾಡ್ತಾರೋ," ಅಂದರು ಅತ್ತೆ. "ಏನಂತಾನೆ?"

ಸೊಸೆ ಅಕ್ಷರ ಓದಿದಳು. ಇನ್ನೊಮ್ಮೆ ಓದುವಷ್ಟರಲ್ಲಿ ಅವು ಮಾಯವಾದವು. ರಿಮೋಟ್ ತೆಗೆದುಕೊಂಡು ಹಿಂದಕ್ಕೆ ಒಯ್ದಳು.

"ಏನೇ ಅದು?"

"'ನನಗೆ ಸ್ವಲ್ಪ ದಿನ ನನ್ನ ಜೊತೆ ನಾನೊಬ್ಬನೇ ಇರಬೇಕು. ನಿನ್ನ ಮೌನದಲ್ಲೂ ನನಗೆ ಸದ್ದು ಕೇಳುತ್ತೆ.'"

ಅತ್ತೆ ಹಣೆಯ ಮೇಲಿದ್ದ ಕಪ್ಪು ಕನ್ನಡಕವನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮಗ ಹೊರಟ ದಿನ ಬಾಗಿಲಲ್ಲಿ ಅವರೂ ನಿಂತಿದ್ದರು.

"ಇದು ಅವನು ಹೇಳಿದ್ದಲ್ವೇನೇ?"

"ಹೂಂ."

"ಅಕ್ಷರಕ್ಕಕ್ಷರ?"

"ಹೂಂ, ಅತ್ತೆ."

"ಥೂ!" ಅಂದರು ಅತ್ತೆ. "ಹೆಂಡತಿ ಬಿಟ್ಟು ಹೋಗೋಕೂ ಸ್ವಂತದ್ದು ಒಂದು ಮಾತು ಹುಟ್ಟಲಿಲ್ಲ. ಅದೂ ಎರವಲು." ಸ್ವಲ್ಪ ತಡೆದು, "ಒಂಬತ್ತು ತಿಂಗಳು ಹೊತ್ತಿದ್ದೆ ಕಣೇ," ಎಂದು ಬೇರೆಯೇ ದನಿಯಲ್ಲಿ ಸೇರಿಸಿದರು.

ಸೊಸೆಗೆ ಅಳು ಬರಲಿಲ್ಲ. ಎದೆಯ ಮೇಲೆ ಯಾರೋ ಇಟ್ಟುಹೋಗಿದ್ದ ಚೀಲವನ್ನು ತೆರೆದು ನೋಡಿದರೆ ಒಳಗೆ ಹಳೇ ಪೇಪರಿದ್ದಂತಾಯಿತು. ಇದಕ್ಕಾಗಿ ನಾನು ಅತ್ತಿದ್ದೆ! ಇವರ ಒಂಟಿತನ ಎಷ್ಟು ಆಳವೋ ಎಂದು ಬಗ್ಗಿ ಬಗ್ಗಿ ನೋಡಿದ್ದೆ!

ಪರದೆಯ ತುಂಬ ಮುತ್ತಿನ ಸರದವಳ ಮುಖ ಬಂತು. ಬಂದದ್ದು ಅಲುಗಲಿಲ್ಲ.

"ಇವಳೇನಂತಾಳೆ ಅದಕ್ಕೆ?" ಅತ್ತೆ ಕೇಳಿದರು.

ಪರದೆಯ ಕೆಳಗೆ ಅಕ್ಷರವೇ ಇರಲಿಲ್ಲ.

"'ಹೋಗಿ ಬನ್ನಿ' ಅಂತಾಳೆ," ಅಂದಳು ಸೊಸೆ. ತನ್ನ ದನಿ ತನಗೇ ದೂರದಿಂದ ಕೇಳಿಸಿತು. "'ಆದ್ರೆ ನೀವು ಬರೋ ಹೊತ್ತಿಗೆ ನಾನು ಇಲ್ಲಿರಲ್ಲ. ಒಂದು ರೂಮು ನೋಡ್ಕೊಂಡಿದೀನಿ. ಶನಿವಾರವೇ ಹೋಗ್ತೀನಿ. ನಿಮ್ಮ ತಾಯಿಗೆ ಹೇಳೋಕೆ ಮಾತ್ರ ಬಾಯಿ ಬರ್ತಿಲ್ಲ' ಅಂತಾಳೆ."

ಅತ್ತೆ ಟೀವಿಯನ್ನೇ ದಿಟ್ಟಿಸಿದರು. ಆ ಮುಖ ಪರದೆಯ ಮೇಲೆ ಇನ್ನೂ ಹಾಗೇ ಇತ್ತು. ನಾಯಿ ಮತ್ತೆ ಬೊಗಳಿತು.

"ಬಾಯಿ ತೆಗೀಲಿಲ್ಲ ಅವಳು," ಅಂದರು ಅತ್ತೆ ಮೆಲ್ಲಗೆ.

ಸೊಸೆ ತಲೆ ತಗ್ಗಿಸಿದಳು.

"ತುಟಿ ಅಲುಗಲೇ ಇಲ್ಲ. ಈ ಕಣ್ಣಿಗೆ ಈಗ ಎಲ್ಲ ಕಾಣುತ್ತೆ, ತಿಳ್ಕೋ." ಬಲಗಣ್ಣಿನಿಂದ ನೀರಿಳಿಯುತ್ತಿತ್ತು; ಔಷಧಿಯದೋ ಏನೋ. "ಇದೊಂದು ವಾಸಿಯಾಗಲಿ ಅಂತ ಕಾಯ್ತಿದ್ದೆಯಾ? ಮುಂದಿನ ತಿಂಗಳು ಎಡಗಣ್ಣಿಗೆ ಮಾಡಿಸೋದಿದೆಯಲ್ಲ, ಅದಕ್ಕೆ ಹನಿ ಯಾರು ಹಾಕ್ತಾರೆ? ಅವನಾ? ಕಿಟಕಿ ನೋಡ್ತಾ ಮೂಗಿಗೆ ಹಾಕ್ತಾನೆ."

"ನಾನು ಬರ್ತೀನಿ ಅತ್ತೆ. ದಿನಾ ಬಂದು ಹಾಕಿ ಹೋಗ್ತೀನಿ."

"ಬೇಡ. ಅವನಿರೋ ಮನೆಗೆ ನೀನು ಬರೋದೇನೂ ಬೇಡ." ದನಿ ಗಡುಸಾಗಿತ್ತು. ಅತ್ತೆ ಸೀರೆಯ ಸೆರಗಿನಿಂದ ಕೆನ್ನೆಯನ್ನು ಮಾತ್ರ, ಕಣ್ಣಿಗೆ ತಾಗದಂತೆ, ಒರೆಸಿಕೊಂಡರು. "ಮೆಟ್ಟಿಲೆಷ್ಟಿದೆ ಆ ರೂಮಿಗೆ? ನನ್ನ ಕೈಲಿ ಹತ್ತೋಕಾಗುತ್ತಾ?"

"ಮೆಟ್ಟಿಲಿಲ್ಲ. ಕೆಳಗೇ."

"ಹೂಂ." ಅತ್ತೆ ಎದ್ದರು. "ಅವನು ಬಂದು ಅವಳೆಲ್ಲಿ ಅಂತ ಕೇಳಲಿ. ನಾನೂ ಹೀಗೆ ಮುಖ ಇಟ್ಕೊಂಡು ಸುಮ್ನೆ ಕೂತಿರ್ತೀನಿ. ಇಷ್ಟು ವರ್ಷ ನೋಡಿದಾನಲ್ಲ, ಅರ್ಥ ಮಾಡ್ಕೊಳ್ಳಲಿ."

"ಎಲ್ಲಿಗೆ ಹೋಗ್ತೀರಿ? ಬಗ್ಗಬಾರದು ಅಂದಿದಾರೆ."

"ಬಗ್ಗಲ್ಲ. ಆ ಹುಚ್ಚಿ ಥರ ನೀನೂ ಬರೀ ಸರ ಹಾಕ್ಕೊಂಡು ಹೊರಟುಬಿಡ್ತೀಯ, ಗೊತ್ತು ನನಗೆ. ಹಾಲು ಯಾವುದರಲ್ಲಿ ಕಾಯಿಸ್ತೀಯ, ನಿನ್ನ ತಲೇಲಾ?"

ಅಡುಗೆಮನೆಯಲ್ಲಿ ದೀಪ ಹತ್ತಿತು. ಸೊಸೆ ಹಿಂದೆಯೇ ಹೋದವಳು ಬಾಗಿಲಲ್ಲಿ ನಿಂತಳು. ಅತ್ತೆ ಕತ್ತು ನೆಟ್ಟಗಿಟ್ಟುಕೊಂಡು, ಕೈಗೆಟುಕುವ ಹಲಗೆಯಿಂದ ಪಾತ್ರೆಗಳನ್ನು ಒಂದೊಂದಾಗಿ ಇಳಿಸುತ್ತಿದ್ದರು. ಸಣ್ಣ ಕುಕ್ಕರು, ಹಾಲಿನ ಪಾತ್ರೆ, ಇಕ್ಕಳ. ಕಾಫಿ ಲೋಟ ಒಂದನ್ನು ಪೇಪರಿನಲ್ಲಿ ಸುತ್ತಿ ಬದಿಗಿಟ್ಟರು. ಇನ್ನೊಂದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು, ಆಚೀಚೆ ತಿರುಗಿಸಿ ನೋಡಿ, ಅದನ್ನೂ ಸುತ್ತಿದರು.

ನಡುಮನೆಯಲ್ಲಿ ಯಾರೂ ನೋಡದ ಪರದೆಯ ಮೇಲೆ ಮುತ್ತಿನ ಸರದವಳು ಮತ್ತೆ ಗೋಡೆ ಹಿಡಿದು ನಡೆಯುತ್ತಿದ್ದಳು.