ನೇಯ್ಗೆಯೇ ಓದ್ತೀನಿ

"ಥೆರಪಿಗೆ ಹೋಗೋರೆಲ್ಲ ಮೈ ಚಲನೆಯ ಶಾಸ್ತ್ರ, ಕೈನೀಸಿಯಾಲಜಿನೇ ತಗೋತಾರಮ್ಮ," ಎಂದರು ಕಾಲೇಜಿನ ಸಲಹೆಗಾರ್ತಿ ಪ್ರೂಯಿಟ್, ನೇಯ್ಗೆ ಓದುತ್ತೇನೆಂದು ರೋನಾ ಹೇಳಿದ್ದು ಕೇಳಿಸಲೇ ಇಲ್ಲವೆಂಬಂತೆ.

"ನೇಯ್ಗೆ ಓದಿದ್ರೆ ಸೇರಿಸ್ಕೊಳಲ್ವಾ?"

ಸೇರಿಸಿಕೊಳ್ಳುತ್ತಾರೆ. ಪೆಟ್ಟಾದವರಿಗೆ ದಿನದ ಕೆಲಸಗಳನ್ನು ಮತ್ತೆ ಕಲಿಸುವ ಆಕ್ಯುಪೇಷನಲ್ ಥೆರಪಿಯ ಓದಿಗೆ ಯಾವ ಪದವಿಯಾದರೂ ನಡೆದೀತು. ಅಂಗರಚನೆ, ಸಂಖ್ಯಾಶಾಸ್ತ್ರದಂಥ ಕೆಲವನ್ನು ಪಾಸು ಮಾಡಿರಬೇಕು ಅಷ್ಟೆ. ಆದರೆ ಸೀಟು ಕಡಿಮೆ, ಎಲ್ಲರೂ ಹೋಗುವ ದಾರಿಯೇ ಕ್ಷೇಮ ಎಂದು ಪ್ರೂಯಿಟ್ ಮೆತ್ತಗೆ ತಿಳಿಹೇಳಿದರು. ಆ ವಿಷಯಗಳನ್ನೂ ಓದುತ್ತೇನೆ, ನೇಯ್ಗೆಯನ್ನೂ ಓದುತ್ತೇನೆ ಎಂದು ರೋನಾ ಎದ್ದು ಬಂದಳು.

ಆ ಭಾನುವಾರ ಕಡಲತೀರದ ಕೇಪ್ ಬ್ರೆಟನ್ನಿನ ಮನೆಯಲ್ಲಿ ಉಪ್ಪುಮೀನು, ಆಲೂಗಡ್ಡೆ ತಟ್ಟೆಯಲ್ಲೇ ತಣ್ಣಗಾದವು. ತಾಯಿ ಎಫಿ ಮೀನಿನ ಕಾರ್ಖಾನೆಯಲ್ಲಿ ನಿಂತೂ ನಿಂತೂ ಕಾಲು ಬಾತವಳು. ಮಗಳಿಗೆ ಆಸ್ಪತ್ರೆಯಲ್ಲಿ ಬೆಚ್ಚಗಿನ ಕೆಲಸ ಸಿಗುತ್ತದೆಂದು ಊರಿಗೆಲ್ಲ ಹೇಳಿಕೊಂಡಿದ್ದಳು.

"ನೂಲು ಎಳೆಯೋಕೆ ಕಾಲೇಜು ಬೇರೆ ಕೇಡು. ನಿಮ್ಮಜ್ಜಿ ಬಿಟ್ಟಿಯಾಗಿ ಕಲಿಸ್ತಿದ್ಲು."

"ನೀನು ಕಲಿತ್ಯಾ?" ಎಂದಳು ರೋನಾ.

ಎಫಿ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ತಂದೆ ಮರ್ಡೊ ಎಡಗೈಯಲ್ಲಿ ತಿನ್ನುತ್ತಿದ್ದ. ದೋಣಿಯ ರಾಟೆಗೆ ಸಿಕ್ಕಿ ಅವನ ಬಲಗೈಯ ಎರಡು ಬೆರಳು ಹೋಗಿದ್ದವು. ಕೈ ಮತ್ತೆ ಪಳಗಲೆಂದು ಆಸ್ಪತ್ರೆಯಲ್ಲಿ ಬಣ್ಣದ ಪ್ಲಾಸ್ಟಿಕ್ ಲೋಟಗಳನ್ನು ಒಂದರ ಮೇಲೊಂದು ಜೋಡಿಸಲು ಕೊಟ್ಟರು. ಕೆಲವು ದಿನ ಜೋಡಿಸಿದ, ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

"ಅಪ್ಪನಿಗೆ ಬೇಕಾಗಿದ್ದು ಲೋಟ ಅಲ್ಲ, ಬಲೆ ಹೆಣೆಯೋ ಕೆಲಸ," ಎಂದಳು ರೋನಾ. "ಇನ್ನೊಬ್ಬರ ಕೈಗೆ ಕೆಲಸ ಕಲಿಸ್ಬೇಕಾದೋಳು ನಾನು. ಮೊದಲು ನನ್ನ ಕೈಗೆ ಒಂದು ಕೆಲಸ ಬರ್ಲಿ."

"ಸೀಟು ಸಿಗದೆ ಹೋದ್ರೆ?" ಎಂದ ಮರ್ಡೊ.

"ಮತ್ತೆ ಅರ್ಜಿ ಹಾಕ್ತೀನಿ."

"ಆಗ್ಲೂ ಸಿಗದಿದ್ರೆ?"

"ಆಗ್ಲೂ ನೇಯ್ಗೆ ಓದಿದ್ದಕ್ಕೆ ಅಳಲ್ಲ."

ಅವನು ನಗಲಿಲ್ಲ, ಬೈಯಲೂ ಇಲ್ಲ. ಎಫಿ ಮಾತ್ರ ಆಮೇಲೆ ಫೋನು ಮಾಡುವುದನ್ನೇ ಬಿಟ್ಟಳು.

ರೋನಾ ಅಂಗರಚನೆಯಲ್ಲಿ ಒಳ್ಳೆಯ ಅಂಕ ತೆಗೆದಳು. ಮಗ್ಗದ ಮುಂದೆ ಬಲಗೈಯ ಎರಡು ಬೆರಳನ್ನು ಬಟ್ಟೆಯಿಂದ ಬಿಗಿದು ಕೂರುತ್ತಿದ್ದಳು. ಬಿಚ್ಚಿ ಮಾಡು, ಅಂಚು ಹಾಳಾಗುತ್ತದೆ ಎಂದು ಮೇಷ್ಟರು ಗದರಿದರೂ ಬಿಚ್ಚಲಿಲ್ಲ.

ಡಿಸೆಂಬರಿನಲ್ಲಿ ಕಾಲೇಜಿನ ನೇಯ್ಗೆ ಪ್ರದರ್ಶನಕ್ಕೆ ಎಫಿ ಹೇಳದೆ ಕೇಳದೆ ಬಂದಳು, ಒಬ್ಬಳೇ. ನುಣುಪಾದ ಬಟ್ಟೆಗಳ ನಡುವೆ ಮಗಳದ್ದು ಸೊಟ್ಟಗಿತ್ತು. ಅಂಚನ್ನು ಬೆರಳಿನಿಂದ ಸವರಿ, ಯಾಕೆ ಹೀಗೆ ಎಂದು ಕೇಳಿದಳು. ಅಪ್ಪನಿಗಿಲ್ಲದ ಆ ಎರಡು ಬೆರಳು ಕಟ್ಟಿಕೊಂಡು ನೇಯ್ದದ್ದು ಎಂದಳು ರೋನಾ.

ಎಫಿ ಬಟ್ಟೆಯನ್ನು ಗೂಟದಿಂದ ತೆಗೆದು, ಕೋಟಿನ ಮೇಲೆಯೇ ಹೆಗಲಿಗೆ ಹೊದ್ದುಕೊಂಡು, ಬಾಗಿಲು ತಳ್ಳಿ ಹಿಮದೊಳಕ್ಕೆ ನಡೆದಳು.