ಯಾರ ಹೊಲದ ಚರಗ

ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ಎದ್ದವಳೇ ಗೇಟಿಗೆ ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಈ ಸಲ ಶಿದ್ರಾಮಪ್ಪನನ್ನು ಒಳಗೆ ಬಿಡಬಾರದು. ಯಾಕೆ ಬಿಡಬೇಕು? ನಮ್ಮ ಹಿತ್ತಲು, ನಾವು ಕಟ್ಟಿದ ಕಾಂಪೌಂಡು!

ನಮ್ಮ ಊರು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದಾಗ ನಮ್ಮನ್ನು ಬೀಳಗಿ ಹತ್ತಿರದ ಈ ಪುನರ್ವಸತಿ ಕೇಂದ್ರಕ್ಕೆ ತಂದು ಹಾಕಿದರು. ಇದು ಶಿದ್ರಾಮಪ್ಪನ ಹೊಲವಾಗಿತ್ತು. ಅವನು ಒಲ್ಲೆ ಒಲ್ಲೆ ಅಂದರೂ ಸರ್ಕಾರದವರು ತೆಗೆದುಕೊಂಡು, ಪ್ಲಾಟು ಮಾಡಿ ನಮಗೆ ಹಂಚಿದರು. ಅವನ ಬನ್ನಿಗಿಡ ನಮ್ಮ ಹಿತ್ತಲಿಗೆ ಬಂತು. ಪ್ರತಿವರ್ಷ ಈ ದಿನ ಅವನು ಹೆಂಡತಿಯೊಂದಿಗೆ ಬಂದು, ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜಿಸಿ, ಚರಗ ಚೆಲ್ಲಿ ಹೋಗುತ್ತಿದ್ದ. ಚರಗವೆಂದರೆ ಹೊಲದ ಒಡೆಯ ಭೂಮಿತಾಯಿಗೆ ಉಣಿಸುವ ಎಡೆ. ಇಷ್ಟು ವರ್ಷ ನಾನು ಸುಮ್ಮನಿದ್ದೆ. ಆದರೆ ಹೊಲ ವಾಪಸ್ ಬೇಕೆಂದು ಅವನು ಕೋರ್ಟಿಗೆ ಹೋದ ಸುದ್ದಿ ಮೊನ್ನೆ ಕಿವಿಗೆ ಬಿತ್ತು. ಒಂದು ಮನೆಯನ್ನು ನೀರಿಗೆ ಕೊಟ್ಟವಳು ನಾನು, ಇನ್ನೊಂದನ್ನೂ ಕೊಡಲೇ?

ಕಟ್ಟೆಯ ಮೇಲೆ ಕೂತು ಮಗಳು ಐಶ್ವರ್ಯ ಜಮಖಂಡಿ ಕಾಲೇಜಿನ ಚರ್ಚಾಸ್ಪರ್ಧೆಗೆ ಬಾಯಿಪಾಠ ಮಾಡುತ್ತಿದ್ದಳು. ಪ್ಯಾಲೆಸ್ಟೀನಿನಲ್ಲಿ ಇಸ್ರೇಲ್ ಮಾಡುತ್ತಿರುವುದು ಯುರೋಪಿನವರ ವಸಾಹತು ಆಳ್ವಿಕೆಯಂಥದ್ದೇ ಎಂಬುದು ವಿಷಯ. ಅಲ್ಲವೆಂದು ವಾದಿಸುವ ಪಾಳಿ ಇವಳದು.

“ಬ್ರಿಟಿಷರು ನಮ್ಮ ಹಲಗಲಿಯನ್ನು ಸುಟ್ಟರು, ಬೇಡರನ್ನು ಗಲ್ಲಿಗೇರಿಸಿದರು, ಕೊನೆಗೆ ಹಡಗು ಹತ್ತಿ ತಮ್ಮ ದೇಶಕ್ಕೆ ಹೋದರು. ಯಹೂದಿಗಳಿಗೆ ಹೋಗಲು ಬೇರೆ ದೇಶವಿರಲಿಲ್ಲ. ಯುರೋಪಿನಲ್ಲಿ ಅವರನ್ನು ಲಕ್ಷಗಟ್ಟಲೆ ಕೊಂದಿದ್ದರು. ಹಿರಿಯರ ನೆಲಕ್ಕೆ ಜೀವ ಉಳಿಸಿಕೊಳ್ಳಲು ಬಂದವರು ವಸಾಹತುಗಾರರು ಹೇಗಾಗುತ್ತಾರೆ?”

“ಶಭಾಷ್!” ಎಂದೆ. ನನ್ನ ವಕೀಲಿ ಮಾಡಿದಂತೆಯೇ ಇತ್ತು. “ಆ ಕಡಿಯವರು ಏನಂತಾರ?”

“ಊರು ಬಿಟ್ಟು ಓಡಬೇಕಾದ ಪ್ಯಾಲೆಸ್ಟೀನಿನವರು ವಾಪಸ್ ಬರಂಗಿಲ್ಲ, ತಮ್ಮ ಆಲಿವ್ ತೋಟಕ್ಕ ಹೋಗಾಕ ಸೈನಿಕರ ಪರವಾನಗಿ ಬೇಕು. ಕಳಕೊಂಡವಗ ಇದು ವಸಾಹತಲ್ಲದ ಮತ್ತೇನು ಅಂತಾರ.”

ಅಷ್ಟರಲ್ಲಿ ಗೇಟು ಗಡಗಡ ಅಲುಗಾಡಿತು. ಶಿದ್ರಾಮಪ್ಪ ನಿಂತಿದ್ದ. ಹಿಂದೆ ಅವನ ಹೆಂಡತಿ ಭಾಗವ್ವ, ತಲೆಯ ಮೇಲೆ ಊಟದ ಬುಟ್ಟಿ.

“ಬೀಗ ತಗೀ ತಂಗಿ.”

“ತಗಿಯಂಗಿಲ್ಲ ಕಾಕಾ. ಕೋರ್ಟಿಗೆ ಹೋಗೀರಂತಲ್ಲ, ಪೂಜಾನೂ ಅಲ್ಲೇ ಮಾಡ್ರಿ!”

“ನನ್ನ ಗಿಡಕ್ಕ ಕೈ ಮುಗಿಯಾಕ ನಿನ್ನ ಕೇಳಬೇಕೇನು?”

“ನನ್ನ ಮ್ಯಾಲ ಯಾಕ ಸಿಟ್ಟು? ನಾ ಬ್ರಿಟಿಷರ ಪೈಕಿ ಏನು? ನನ್ನ ಹೊಲಾನೂ ಹೋಗೇತಿ. ನಾ ಚರಗ ನೀರಿಗೆ ಚೆಲ್ಲಿ ಬರ್ತೀನಿ!”

ಮುದುಕ ಗೇಟಿನಿಂದ ಕೈ ತೆಗೆದ. “ಖರೆ ಐತಿ. ನಿನ್ನ ಹೊಲದಾಗ ನೀರು ನಿಂತೈತಿ. ನನ್ನ ಹೊಲದಾಗ ನೀ ನಿಂತಿ.”

ಹಿಂದೆ ಬಾಯಿಪಾಠ ನಿಂತಿತ್ತು. ಐಶ್ವರ್ಯ ನನ್ನನ್ನೇ ನೋಡುತ್ತಿದ್ದಳು. ಬುಟ್ಟಿಯ ಭಾರಕ್ಕೆ ಭಾಗವ್ವನ ಕುತ್ತಿಗೆ ನಡುಗುತ್ತಿತ್ತು. ಹಾಳಾಗಿ ಹೋಗಲಿ ಅಂತ ಬೀಗ ತೆಗೆದೆ.

ಪೂಜೆಯಾಯಿತು, ಚರಗ ಚೆಲ್ಲಿದ್ದಾಯಿತು. ಆಮೇಲೆ ಶಿದ್ರಾಮಪ್ಪ ಗಿಡದ ನೆರಳಿಗೆ ಕಂಬಳಿ ಹಾಸಿ, “ಬರ್ರಿ, ಕುಂಡ್ರಿ, ಊಟ ಮಾಡ್ರಿ” ಎಂದ. ಈ ದಿನ ಹಾಗೆ ಕರೆಯುವವನು ಹೊಲದ ಒಡೆಯ. ನನ್ನ ಹಿತ್ತಲಲ್ಲಿ ನನ್ನನ್ನೇ ಊಟಕ್ಕೆ ಕರೆಯುತ್ತಾನಲ್ಲ ಎಂದು ಮೈ ಉರಿಯಿತು. ಐಶ್ವರ್ಯ ಮಾತ್ರ ಹೋಗಿ ಕೂತೇಬಿಟ್ಟಳು. ನಾನೂ ಕೂತೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಪುಂಡಿಪಲ್ಲೆ ಬಹಳ ರುಚಿಯಾಗಿದ್ದವು.

ನಾನೇನು ಸುಮ್ಮನೆ ಉಂಡು ಏಳುವವಳೇ? “ಕಾಕಾ, ಮನಿಯೊಳಗ ಬರ್ರಿ, ಚಾ ಕುಡದು ಹೋಗ್ರಿ” ಎಂದೆ.

“ನನ್ನ ಹೊಲದಾಗ ನಾ ಯಾರ ಮನಿ ಚಾ ಕುಡೀಲಿ ತಂಗಿ?” ಎಂದು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ.

ಅವರು ಹೊರಗೆ ಹೋದ ಮೇಲೆ ಐಶ್ವರ್ಯ ಕೇಳಿದಳು, “ಯವ್ವಾ, ನಮಗ ಹೋಗಾಕ ಬ್ಯಾರೆ ಊರಿಲ್ಲ. ಕಾಕಾ ಹೇಳಿದ್ದೂ ಸುಳ್ಳಲ್ಲ. ಸ್ಟೇಜಿನ ಮ್ಯಾಲ ನಾ ಏನಂತ ಹೇಳ್ಲಿ?”

“ನನಗೇನು ಕೇಳ್ತಿ!” ಎಂದು ಗದರಿದೆ.

ಅವರು ಓಣಿ ದಾಟುವ ಮುಂಚೆಯೇ ಗೇಟಿಗೆ ಮತ್ತೆ ಬೀಗ ಹಾಕಿದೆ. ಸದ್ದಿಗೆ ಭಾಗವ್ವ ತಿರುಗಿ ನೋಡಿದಳು. ನಾಚಿಕೆಯಿಂದ ಮುಖ ತಗ್ಗಿಸಿದೆ. ಬೀಗ ಮಾತ್ರ ತೆಗೆಯಲಿಲ್ಲ.