ಸರ್ಕಾರ ಹಾಕಿಕೊಟ್ಟ ಬಾಗಿಲು

ನಾನು ನೆಲ ಒರೆಸುತ್ತಿದ್ದೆ. ಪೊಲೀಸ್ ದಳದ ಮುಖ್ಯಸ್ಥರು ನಮ್ಮ ಕುರ್ಚಿಯಲ್ಲಿ ಕೂತು ಕೈಗವಸು ಬಿಚ್ಚುತ್ತಿದ್ದರು. ಒದ್ದೆ ಬಟ್ಟೆ ಬೂಟಿನ ಹತ್ತಿರ ಬಂದಾಗ ಬಲಗಾಲು ಎತ್ತಿದರು. ಅಡಿಯಲ್ಲಿ ಒರೆಸಿದೆ. ಇಳಿಸಿ ಎಡಗಾಲು ಎತ್ತಿದರು. ಗೋಡೆಗೆ ಒರಗಿ ಕೂತಿದ್ದ ಅವರ ಹುಡುಗರೂ, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ನಾನು ಬಂದಂತೆಲ್ಲ ಒಬ್ಬೊಬ್ಬರಾಗಿ ಕಾಲೆತ್ತಿದರು. ಸ್ವಲ್ಪ ಹೊತ್ತಿನ ಹಿಂದೆ ಇವರೆಲ್ಲ ನಮ್ಮ ಮನೆಗೆ ನುಗ್ಗಿದ್ದರು.

ನುಗ್ಗಿದ್ದು ಬುಗುರಿಯನ್ನು ಒಯ್ಯಲಿಕ್ಕೆ. ಬುಗುರಿ ನನ್ನ ಅಕ್ಕನ ಮಗ, ಐದು ವರ್ಷದವನು. ನಿಂತಲ್ಲಿ ನಿಲ್ಲದೆ ಸುತ್ತುತ್ತಾನೆಂದು ಆ ಹೆಸರು. ಅಕ್ಕ ಪಕ್ಕದ ದೇಶಕ್ಕೆ ಮದುವೆಯಾಗಿ ಹೋಗಿದ್ದಳು. ಅಲ್ಲಿ ಬಾಳುವೆ ಸರಿಬರದೆ ಮಗನನ್ನು ಕರೆದುಕೊಂಡು ವಾಪಸ್ ಹೊರಟಾಗ, ಮಗನ ಕಾಗದ ಸರಿಯಿದೆ, ತಾಯಿಯದು ಅವಧಿ ಮೀರಿದೆ ಎಂದು ಗಡಿಯಲ್ಲಿ ತಡೆದರು. ಆ ದೇಶದವರು ಅವಳು ಹೊರಗೆ ಹೋದವಳು ಎಂದರು. ನಮ್ಮವರು ಅವಳಿನ್ನೂ ಒಳಗೆ ಬಂದವಳಲ್ಲ ಎಂದರು. ನಡುವೆ ಒಂದು ತಗಡಿನ ಶೆಡ್ಡಿನಲ್ಲಿ ಕೂರಿಸಿದರು. ಬೇಲಿಯ ಮೇಲಿಂದ ಬುಗುರಿಯನ್ನು ನನ್ನ ಕೈಗೆ ದಾಟಿಸುವಾಗ ಅಕ್ಕ, "ನಾನು ಬರೋ ತನಕ ಇವನನ್ನ ಯಾರಿಗೂ ಕೊಡ್ಬೇಡ ಕಣೇ" ಎಂದಳು. ನಾನು ಹೂಂ ಎಂದೆ.

ಬರುವ ಸೋಮವಾರ ಅವಳನ್ನು ಬಿಡುತ್ತೇವೆಂದು ಗಡಿಯವರು ಹೇಳಿದ್ದರು. ಅಷ್ಟರಲ್ಲಿ ಭಾವ ಅಲ್ಲಿಯ ಕೋರ್ಟಿಗೆ ಹೋದ. ಮಗುವನ್ನು ಒಪ್ಪಿಸುವುದಾಗಿ ನಮ್ಮ ಸರ್ಕಾರ ಆ ಸರ್ಕಾರಕ್ಕೆ ಮಾತು ಕೊಟ್ಟಿತು. ಭಾವ ಕೆಟ್ಟವನಲ್ಲ, ಅವನಿಗೂ ಮಗ ಬೇಕು. ಆದರೆ ಬುಗುರಿ ಗಡಿ ದಾಟಿದರೆ ಅಕ್ಕ ಅವನ ಹಿಂದೆ ಹೋಗುವಂತಿಲ್ಲ. ಆ ದೇಶ ಇನ್ನು ಅವಳನ್ನು ಒಳಗೆ ಬಿಡುವುದಿಲ್ಲ.

ಅವತ್ತೇ ಒಯ್ದುಬಿಡುತ್ತಿದ್ದರು. ತೊಂದರೆಯಾದದ್ದು ಬಾಗಿಲಿನಿಂದ. ನಮ್ಮ ಹಳೇ ಬಾಗಿಲಿಗೆ ಚಿಲಕವಿರಲಿಲ್ಲ, ಒಳಗಿನಿಂದ ಸ್ಟೂಲು ಒರಗಿಸುತ್ತಿದ್ದೆವು. ಬಾಗಿಲು ಒಡೆಯುವ ಕಬ್ಬಿಣದ ದಿಮ್ಮಿ ಹೊತ್ತು ಓಡಿ ಬಂದವನು, ದಿಮ್ಮಿ ತಾಗುತ್ತಲೇ ಬಾಗಿಲು ಸರಿದದ್ದರಿಂದ, ಸೀದಾ ಒಳಗೆ ಬಂದು ನನ್ನ ಗುಂಡಿಯ ಬುಟ್ಟಿಯ ಮೇಲೆ ಬೋರಲು ಬಿದ್ದ. ನಾನು ಅಂಗಿ ಕಾರ್ಖಾನೆಗೆ ಮನೆಯಲ್ಲೇ ಗುಂಡಿ ಹೊಲಿದುಕೊಡುತ್ತೇನೆ. ಇಡೀ ದಳ ಮಂಡಿಯೂರಿ ಗುಂಡಿ ಆರಿಸಿಕೊಟ್ಟಿತು. ಬುಗುರಿ ನಕ್ಕೂ ನಕ್ಕೂ ಬಿಕ್ಕಳಿಸಿದ.

"ಇದು ನಡೆಯಲ್ಲ ಸಾರ್," ಎಂದ ದಳದ ಜೊತೆ ಬಂದು ಎಲ್ಲವನ್ನೂ ಚಿತ್ರಿಸುತ್ತಿದ್ದ ವಿಡಿಯೋದವನು. "ಬಲಪ್ರಯೋಗ ಎಲ್ಲೂ ಕಾಣ್ತಿಲ್ಲ. ನೆಂಟರು ಬಂದ ಹಾಗಿದೆ."

ಅಣ್ಣ ಹೆದರುವ ಪ್ರಾಣಿ. ಕೈ ಹೊಸೆಯುತ್ತಾ, "ಒಡೆಯೋದು ಗಿಡೆಯೋದು ಯಾಕೆ ಸಾರ್, ನಾವೇ ಕೊಡ್ತೀವಿ" ಎಂದ. ನಾನು ಅವನ ಮುಖ ನೋಡಿದೆ. ಅವನು ನೋಡಲಿಲ್ಲ.

"ಹಾಗೆ ತಗೊಳ್ಳೋಕಾಗಲ್ಲಪ್ಪ," ಎಂದರು ಮುಖ್ಯಸ್ಥರು. "ನೀವಾಗೇ ಕೊಟ್ರೆ ಕೇಸು ಮಕ್ಕಳ ಇಲಾಖೆಗೆ ಹೋಗುತ್ತೆ. ಅವರು ತಾಯಿ ಒಪ್ಪಿಗೆ ಕೇಳ್ತಾರೆ. ಈಗ ತಾಯಿ ಯಾವ ದೇಶದಲ್ಲೂ ಇಲ್ಲ. ನಮ್ಮ ಆದೇಶದಲ್ಲಿ ಬಾಗಿಲು ಒಡೆದು ಅಂತಿದೆ. ಒಡೆಯೋಕೆ ಲಾಯಕ್ಕಾದ ಬಾಗಿಲು ನಿಮ್ಮ ಹತ್ರ ಇಲ್ಲ."

"ಬಡವರು ಸಾರ್," ಎಂದ ಅಣ್ಣ.

ಮಾರನೆಯ ದಿನ ಸರ್ಕಾರದ ಬಡಗಿ ಬಂದ. ತುಟಿಯಲ್ಲಿ ಮೊಳೆ ಕಚ್ಚಿಕೊಂಡೇ ಕೆಲಸ ಮಾಡುವವನು.

"ಒಡೆಯೋಕೆ ತಾನೇ ಹಾಕೋದು? ಇಷ್ಟು ಗಟ್ಟಿ ಯಾಕೆ?" ಎಂದಳು ಅತ್ತಿಗೆ.

ಅವನು ಮೊಳೆ ತೆಗೆದು, "ಒಡೆಯೋದು ಬೇರೆಯವರು. ನನ್ನದು ಹಾಕೋದು" ಎಂದ.

ಸಂಜೆಯೊಳಗೆ ನಮಗೆ ಬಾಗಿಲು ಬಂತು. ಅಂಗೈ ಅಗಲದ ದಪ್ಪ, ಹಿತ್ತಾಳೆಯ ಹಿಡಿ, ಬೀಗದ ಕಿಂಡಿ, ದೊಡ್ಡ ಚಿಲಕ, ಅದರ ಕೆಳಗೆ ಗೋಡೆಯಿಂದ ಗೋಡೆಗೆ ಕೂರುವ ಕಬ್ಬಿಣದ ಅಡ್ಡಪಟ್ಟಿ. ಬೀದಿಯವರೆಲ್ಲ ಬಂದು ಬೆರಳಿನಿಂದ ಕುಟ್ಟಿ ನೋಡಿ ಹೋದರು. ಅಣ್ಣ ಕಾರಣವಿಲ್ಲದೆ ಹೊರಗೆ ಹೋಗುವನು, ಒಳಗೆ ಬರುವನು. ಮುಚ್ಚುವಾಗ ಬರುವ ಆ ಟಕ್ಕೆಂಬ ಸದ್ದಿಗೆ ತಲೆದೂಗುವನು. ಅತ್ತಿಗೆ ಹಳೇ ಸೀರೆಯ ತುಂಡಿಗೆ ಎಣ್ಣೆ ಹಚ್ಚಿ ದಿನಾ ಒರೆಸತೊಡಗಿದಳು. "ಲೋ ಬುಗುರಿ, ಎಂಜಲು ಕೈ ಬಾಗಿಲಿಗೆ ಮುಟ್ಟಿಸಬೇಡ" ಎಂದು ಗದರುವಳು. ಬುಗುರಿಯ ಬಟ್ಟೆ ತುಂಬಿದ ಚೀಲ ಮೂಲೆಯಲ್ಲಿತ್ತು. ಅದರ ಮಾತು ಯಾರೂ ಎತ್ತುತ್ತಿರಲಿಲ್ಲ.

ಗುರುವಾರ, ಮಾರನೆಯ ದಿನ ಒಡೆದು ನುಗ್ಗುವುದರ ಅಭ್ಯಾಸಕ್ಕೆ ದಳ ಬಂತು. ಅತ್ತಿಗೆ ಬಾಗಿಲಿಗೆ ಅಡ್ಡ ನಿಂತಳು. ಬುಗುರಿಗಾಗಿ ನಿಂತಳೆಂದು ನನಗೆ ಒಂದು ಕ್ಷಣ ಹೊಟ್ಟೆ ತಣ್ಣಗಾಯಿತು.

"ಒಡೆದ ಮೇಲೆ ಇಂಥದ್ದೇ ಇನ್ನೊಂದು ಹಾಕಿಕೊಡ್ತೀರಾ ಸಾರ್?"

"ಇಲ್ಲಮ್ಮ. ಒಡೆದ ಹಲಗೆನೂ ಸರ್ಕಾರದ್ದೇ, ನಾವು ಒಯ್ಯಬೇಕು."

"ಹಿಂದಿನ ಗೋಡೆ ಒಡೀರಿ ಸಾರ್," ಎಂದ ಅಣ್ಣ. "ಅದು ಹೇಗೂ ಬೀಳೋದೇ. ನಾನೂ ಒಂದು ಕೈ ಹಚ್ತೀನಿ."

"ಆದೇಶದಲ್ಲಿ ಗೋಡೆ ಇಲ್ಲ." ಮುಖ್ಯಸ್ಥರು ನನ್ನ ಕಡೆ ತಿರುಗಿದರು. "ಮಗುನ ತಬ್ಬಿಕೊಳ್ಳೋದು ನೀನು ತಾನೇ? ನಾವು ಒಳಗೆ ಬಂದ ಕೂಡಲೇ ಕೊಡಲ್ಲ ಅಂತ ಕೂಗ್ಬೇಕು. ಒಂದ್ಸಲ ಕೂಗು ನೋಡೋಣ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಾಯಿ ತೆರೆದೆ. ಗಾಳಿ ಮಾತ್ರ ಬಂತು.

"ಬಸ್ಸಿಗೆ ಕಾಯ್ತಿರೋ ಹಾಗಿದೆ ಸಾರ್," ಎಂದ ವಿಡಿಯೋದವನು.

"ನಮ್ಮ ನಾದಿನಿ ಬಾಯಿ ತೆಗೆಸೋಕೆ ನೀವು ಬೇರೆ ಆದೇಶ ತರ್ಬೇಕು," ಎಂದಳು ಅತ್ತಿಗೆ. ದಳದವರೆಲ್ಲ ನಕ್ಕರು.

ಮುಖ್ಯಸ್ಥರು ಒಳ್ಳೆಯ ಮನುಷ್ಯ, ನಗಲಿಲ್ಲ. "ಹೋಗ್ಲಿ ಬಿಡು. ಬಾಗಿಲನ್ನಾದ್ರೂ ಭದ್ರವಾಗಿ ಹಾಕ್ಕೋ. ಚಿಲಕ, ಪಟ್ಟಿ ಎರಡೂ. ನೋಡೋಕೆ ಚೆನ್ನಾಗಿರ್ಬೇಕು."

ನಾನು ಹೂಂ ಎಂದೆ.

ಶುಕ್ರವಾರ ಬೆಳಗ್ಗೆ ಅಣ್ಣ, ಅತ್ತಿಗೆ ಬೀದಿಗೆ ಹೋಗಿ ನಿಂತರು. ಬಾಗಿಲು ಒಡೆಯುವುದನ್ನು ಒಳಗಿನಿಂದ ನೋಡಲು ಅತ್ತಿಗೆಗೆ ಮನಸ್ಸು ಬರಲಿಲ್ಲ. ಹೇಳಿದ ಹಾಗೆ ನಾನು ಚಿಲಕ ಹಾಕಿದೆ, ಪಟ್ಟಿ ಕೂರಿಸಿದೆ, ಬುಗುರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.

ದಿಮ್ಮಿ ಬಡಿಯಿತು. ಪಾತ್ರೆಗಳು ಸದ್ದು ಮಾಡಿದವು. ಬಾಗಿಲು ಮಿಸುಕಲಿಲ್ಲ. ಮತ್ತೆ ಬಡಿಯಿತು, ಮತ್ತೆ. ಬುಗುರಿ ಮೊದಲು ಕಿವಿ ಮುಚ್ಚಿಕೊಂಡ, ಆಮೇಲೆ ಬೇಸರಪಟ್ಟ.

"ಚಿಕ್ಕಿ, ಇವರ್ಯಾಕೆ ಒಳಗೆ ಬರ್ತಿಲ್ಲ?"

"ಬರೋಕಾಗ್ತಿಲ್ಲ," ಎಂದೆ.

"ಮೆಲ್ಲಗೆ ಸಾರ್, ಪಾಲಿಶ್ ಹೋಗುತ್ತೆ," ಎಂಬ ಅತ್ತಿಗೆಯ ದನಿ ಕೇಳಿತು. ಏನೋ ಮುರಿದ ಸದ್ದಾಯಿತು. ದಿಮ್ಮಿಯ ಹಿಡಿಯಂತೆ. "ಬಲ ಚೆನ್ನಾಗಿ ಬರ್ತಿದೆ ಸಾರ್," ಎಂದ ವಿಡಿಯೋದವನು. "ಬಾಗಿಲು ಬರ್ತಿಲ್ಲ." ಬಡಗಿಯನ್ನು ಕರೆಸಿದರು. ಅವನು ಬಂದು, ಮೊಳೆ ಕಚ್ಚಿಕೊಂಡೇ ಇರಬೇಕು, "ನನ್ನದು ಹಾಕೋದು" ಎಂದದ್ದು ಅಸ್ಪಷ್ಟವಾಗಿ ಕೇಳಿತು.

ಆಮೇಲೆ ಬೀಗದ ಕಿಂಡಿಯ ಹತ್ತಿರ ಮುಖ್ಯಸ್ಥರ ದನಿ. "ತಂಗೀ, ಪಟ್ಟಿ ಒಂದು ತೆಗೆದುಬಿಡಮ್ಮ. ಚಿಲಕ ಹಾಗೇ ಇರ್ಲಿ, ಅದನ್ನ ನಾವೇ ಒಡ್ಕೋತೀವಿ."

ದೊಡ್ಡವರು ಹೇಳಿದ್ದನ್ನು ಮಾಡಿಯೇ ನನಗೆ ಅಭ್ಯಾಸ. ಎದ್ದು ಹೋಗಿ ಪಟ್ಟಿಯ ಮೇಲೆ ಕೈಯಿಟ್ಟೆ. ಇಷ್ಟು ಬಡಿದರೂ ಅದು ತಣ್ಣಗಿತ್ತು. ಬುಗುರಿ ಬಂದು ನನ್ನ ಲಂಗ ಹಿಡಿದುಕೊಂಡು ನಿಂತ, ಸುತ್ತದೆ. ಬೇಲಿಯ ಮೇಲಿಂದ ದಾಟಿಸಿಕೊಂಡಾಗಲೂ ಹೀಗೇ ಹಿಡಿದುಕೊಂಡಿದ್ದ.

ಕೈ ತೆಗೆದೆ. ಬಗ್ಗಿ ಕಿಂಡಿಗೆ ಬಾಯಿಟ್ಟೆ. ಈ ಸಲ ದನಿ ಬಂತು.

"ಸಾರ್, ಸೋಮವಾರ ನಮ್ಮಕ್ಕ ಬರ್ತಾಳೆ. ಅಲ್ಲೀತನಕ ಇವನನ್ನ ಇಲ್ಲೇ ಇರೋಕೆ ಬಿಡಿ."

ಹೊರಗೆ ಎಲ್ಲರೂ ಇದ್ದರು. ಬೂಟುಗಳು ಸರಿದಾಡುವುದು ಕೇಳುತ್ತಿತ್ತು. ನಾನು ಪಟ್ಟಿಯನ್ನು ಹಾಗೇ ಬಿಟ್ಟು ಬುಗುರಿಯನ್ನು ಎತ್ತಿಕೊಂಡೆ.